ಮಂಗಳದ ಮೊದಲು ಏಳುವ ಸತ್ಯಕ್ಕ

ನಮ್ಮ ಸಂಗೀತ ಸಭೆಯ ಕಚೇರಿಗಳು ನಡೆಯುವುದು ನಾಯ್ಮಾರ್ಮೂಲೆಯ ಹತ್ತಿರದ ಒಂದು ಮದುವೆ ಹಾಲಿನಲ್ಲಿ. ಅದರ ಗೋಡೆಯ ಮೇಲೆ ದೊಡ್ಡ ಗಡಿಯಾರವೊಂದಿದೆ. ಅದನ್ನು ಕೊಟ್ಟ ದಾನಿಗಳ ಹೆಸರು ಎಷ್ಟು ದಪ್ಪಕ್ಷರದಲ್ಲಿದೆಯೆಂದರೆ, ತಿರುಗಲು ಜಾಗ ಸಾಲದೆಯೇ ಮುಳ್ಳುಗಳು ನಿಂತುಹೋದವು ಎಂದು ನನ್ನ ಅನುಮಾನ. ಆದರೆ ಹೊತ್ತು ತಿಳಿಯಲು ನಮಗೆಂದೂ ತೊಂದರೆಯಾಗಿಲ್ಲ. ಎಡಬದಿಯ ಕಂಬದ ಪಕ್ಕದ ಕುರ್ಚಿಯಿಂದ ಸತ್ಯವತಿ ಎದ್ದರೆಂದರೆ, ಬೋವಿಕಾನಕ್ಕೆ ಹೋಗುವ ಕೊನೆಯ ಬಸ್ಸು ಕಾಸರಗೋಡಿನ ಸ್ಟ್ಯಾಂಡು ಬಿಟ್ಟಿದೆ ಎಂದು ಲೆಕ್ಕ.

ಅವರು ಏಳುವುದನ್ನು ನೋಡಬೇಕು. ಹಾಡಿನ ನಡುವೆ ಏಳುವವರಲ್ಲ. ಒಂದು ಹಾಡು ಮುಗಿದು ಚಪ್ಪಾಳೆ ಬೀಳುವಾಗ, ಆ ಸದ್ದಿನ ಮರೆಯಲ್ಲಿ, ಮೊದಲೇ ಮಡಿಲಿಗೆ ತೆಗೆದುಕೊಂಡ ಬ್ಯಾಗಿನೊಂದಿಗೆ ತಲೆ ತಗ್ಗಿಸಿ ಗೋಡೆಯ ಬದಿಯಿಂದ ಹೋಗುತ್ತಾರೆ. ಬಾಗಿಲಲ್ಲಿ ಒಮ್ಮೆ ತಿರುಗಿ ವೇದಿಕೆಗೆ ಕೈ ಮುಗಿಯುತ್ತಾರೆ. ಅಷ್ಟರಲ್ಲಿ ವೇದಿಕೆಯ ಮೇಲಿದ್ದವರು ಮುಂದಿನ ಹಾಡಿಗೆ ಕಣ್ಣು ಮುಚ್ಚಿರುತ್ತಾರೆ. ಹಾಗಾಗಿ ಆ ನಮಸ್ಕಾರ ಇಷ್ಟು ವರ್ಷಗಳಲ್ಲಿ ಯಾವ ಕಲಾವಿದರನ್ನೂ ತಲುಪಿರಲಿಕ್ಕಿಲ್ಲ.

ಬೋವಿಕಾನದ ಪೇಟೆಯಲ್ಲಿ ಸತ್ಯವತಿಯವರದು ಒಂದು ಸಣ್ಣ ಟೈಲರ್ ಅಂಗಡಿ. ರವಿಕೆ, ಚೂಡಿದಾರ್, ಶಾಲೆ ಮಕ್ಕಳ ಯೂನಿಫಾರ್ಮು. ಮದುವೆಯಾಗಿಲ್ಲ, ತಮ್ಮನ ಸಂಸಾರದೊಂದಿಗೆ ಇದ್ದಾರೆ. ಮನೆಯ ಮಾತು ತುಳು, ಗಿರಾಕಿಗಳ ಜೊತೆ ಅವರವರ ಭಾಷೆ, ನನ್ನೊಡನೆ ಕನ್ನಡ. ಊರಿಗೆಲ್ಲ ಅವರು ಸತ್ಯಕ್ಕ. ನಾನು ಶಾಲೆಯ ಮಾಷ್ಟ್ರು. ಸಭೆ ಶುರುವಾದಂದಿನಿಂದ ಅದರ ಕಾರ್ಯದರ್ಶಿ, ನಿರೂಪಕ, ವಂದನಾರ್ಪಣೆಯ ಕಾಯಂ ನೌಕರ.

ಅವರು ಸಂಗೀತಕ್ಕೆ ಬಂದದ್ದು ನನ್ನ ಒಂದು ತಪ್ಪಿನಿಂದ. ಸಭೆಯ ಆರಂಭದ ದಿನಗಳಲ್ಲಿ ವೇದಿಕೆಗೊಂದು ಪರದೆ ಬೇಕಾಯಿತು. ನಾನೇ ಅಳತೆ ತೆಗೆದು ಕೊಟ್ಟೆ. ಸತ್ಯಕ್ಕ ಹೊಲಿದು ತಂದು ಕಟ್ಟಿದರೆ ಪರದೆ ನೆಲಕ್ಕೆ ಮುಟ್ಟಲೇ ಇಲ್ಲ, ಒಂದು ಗೇಣು ಗಿಡ್ಡ. "ಮಾಷ್ಟ್ರೆ, ಇದು ನೀವು ಕೊಟ್ಟ ಅಳತೆಯೇ," ಎಂದು ಅವರು ಚೀಟಿ ತೋರಿಸಿದರು. ನಾನು ಹಾಲಿನ ನೆಲವೇ ತಗ್ಗಾಗಿದೆ ಎಂದು ವಾದಿಸಿದೆ. ಎಳೆಯುವಾಗ ಪರದೆ ಸಿಕ್ಕಿಕೊಳ್ಳುತ್ತದೋ ಎಂದು ನೋಡಲು ಅವರು ಕಂಬದ ಪಕ್ಕ ಕೂತರು. ಪರದೆ ಸರಿಯಿತು, ಹಾಡು ಶುರುವಾಯಿತು, ಸತ್ಯಕ್ಕ ಅಲ್ಲೇ ಉಳಿದರು. ಬಸ್ಸಿನ ಹೊತ್ತಿಗೆ ಎದ್ದು ಹೋದರು. ಅಂದಿನಿಂದ ಇಂದಿನವರೆಗೆ ಆ ಕುರ್ಚಿ ಅವರದು. ಪರದೆಯೂ ಅದೇ. ಈಗಲೂ ಕಚೇರಿಯ ಮೊದಲು ಅದರ ಕೆಳಗೆ ಕಲಾವಿದರ ಪಾದಗಳು ಕಾಣುತ್ತವೆ.

ಅವರಿಗೆ ಸಂಗೀತ ತಿಳಿದಿದೆ ಎಂದು ನಾನು ಹೇಳಲಾರೆ. ಯಾವ ರಾಗ ಎಂದು ಅವರಿಗೆ ಗೊತ್ತಾಗುವುದಿಲ್ಲ. ತಾಳ ಹಾಕಲು ಹೋಗಿ ತಪ್ಪುತ್ತಾರೆ. ಆಲಾಪನೆ ಉದ್ದವಾದರೆ ಕೆಲವೊಮ್ಮೆ ನಿದ್ದೆ ಮಾಡುತ್ತಾರೆ; ಎದ್ದ ಮೇಲೆ ನಾಚಿಕೊಳ್ಳುವುದೂ ಇಲ್ಲ. "ಒಳ್ಳೆ ನಿದ್ದೆ ಬಂತು ಮಾಷ್ಟ್ರೆ, ಅವರು ಅಷ್ಟು ಚೆಂದ ಹಾಡಿದ್ರು," ಎನ್ನುತ್ತಾರೆ. ಆದರೆ ಕಚೇರಿಗೆ ಹೋಗುವುದು ಹೇಗೆ ಎಂಬುದು ಅವರಿಗೆ ಗೊತ್ತು. ಅದು ನನಗೆ ಇನ್ನೂ ಪೂರ್ತಿ ಗೊತ್ತಾಗಿಲ್ಲ.

ಅವರು ಎಲ್ಲರಿಗಿಂತ ಮೊದಲು ಬರುತ್ತಾರೆ. ಒಮ್ಮೆ ಕೇಳಿದೆ, "ಇಷ್ಟು ಬೇಗ ಬಂದು ಎಂತ ಮಾಡ್ತೀರಿ ಸತ್ಯಕ್ಕ? ಮೃದಂಗದವರು ಇನ್ನೂ ಚಾ ಕುಡಿಯುತ್ತಾ ಇದ್ದಾರೆ."

"ನನ್ನ ಕಿವಿಯಲ್ಲಿ ಇಡೀ ದಿನದ ಮಿಷನ್ ಉಂಟು. ಮತ್ತೆ ಈ ಹೈವೇ. ಅದೆಲ್ಲ ಇಳಿಯಬೇಕಲ್ಲ? ಅವರು ಶ್ರುತಿ ಕೂಡಿಸುವಾಗ ನಾನೂ ಕೂತುಕೊಳ್ತೇನೆ, ಅಷ್ಟೇ."

ಹೈವೇ ಎಂದರೆ ಹಾಲಿನ ಮುಂದೆ ಅಗಲವಾಗುತ್ತಲೇ ಇರುವ ಹೆದ್ದಾರಿ. ಬಸ್ ಸ್ಟಾಪು ತಿಂಗಳಿಗೊಮ್ಮೆ ಜಾಗ ಬದಲಿಸುತ್ತದೆ. ಸರ್ವಿಸ್ ರಸ್ತೆಯಲ್ಲಿ ಲಾರಿಗಳು ಹಾಲಿನ ಕಿಟಕಿಗೆ ಭುಜ ತಾಗಿಸಿ ಹೋಗುವಂತೆ ಹೋಗುತ್ತವೆ. ನಾನು ಆ ಗದ್ದಲದಿಂದ ನೇರ ಒಳಗೆ ಬಂದು ಹಾಡು ಹಿಡಿಸಲಿಲ್ಲ ಎನ್ನುವವನು. ತಪ್ಪು ಹಾಡಿದವರದ್ದೆಂದೇ ನಾನು ಬಹುಕಾಲ ತಿಳಿದಿದ್ದೆ.

ಕೆಮ್ಮು ಬಂದೀತೆಂದು ಅವರ ಬ್ಯಾಗಿನಲ್ಲಿ ಕಲ್ಲುಸಕ್ಕರೆ ಇರುತ್ತದೆ. ಅದನ್ನು ಮನೆಯಲ್ಲೇ ಪ್ಲಾಸ್ಟಿಕ್ಕಿನಿಂದ ಬಿಡಿಸಿ, ಹೊಲಿದು ಉಳಿದ ಮೆತ್ತನೆ ಬಟ್ಟೆಯ ತುಂಡಿನಲ್ಲಿ ಕಟ್ಟಿ ತರುತ್ತಾರೆ. ಪ್ಲಾಸ್ಟಿಕ್ಕು ಪರಪರ ಎನ್ನುತ್ತದಲ್ಲ, ಅದಕ್ಕೆ. ಮೃದಂಗದವರಿಗೆ ಒಬ್ಬರೇ ನುಡಿಸಲು ಬಿಟ್ಟುಕೊಡುವ ಹೊತ್ತಿನಲ್ಲಿ ಇಡೀ ಹಾಲು ಎಣ್ಣೆಯಿಂದ ತೆಗೆದ ಗೋಳಿಬಜೆಯ ವಾಸನೆಯ ಬೆನ್ನು ಹಿಡಿದು ಹೊರಗೆ ಹೋಗುತ್ತದೆ. ಸತ್ಯಕ್ಕ ಮಾತ್ರ ಕದಲುವುದಿಲ್ಲ. ಮೊಬೈಲು ಬ್ಯಾಗಿನ ತಳದಲ್ಲಿ. ನನ್ನ ಮೊಬೈಲಿನಲ್ಲಾದರೋ ನಾನು ವಿಡಿಯೋ ಹಿಡಿದ ಕಚೇರಿಗಳು ತುಂಬಿ ತುಳುಕುತ್ತಿವೆ. ಒಂದನ್ನೂ ಮತ್ತೆ ಕೇಳಿಲ್ಲ. ಒಮ್ಮೆ ತೆರೆದಾಗ ಕಂಡದ್ದು ನಮ್ಮ ಅಧ್ಯಕ್ಷರ ಬೋಳು ತಲೆ, ಹಿಂದಿನಿಂದ, ಪೂರ್ತಿ ಒಂದು ಹಾಡಿನುದ್ದಕ್ಕೂ.

ಒಂದು ಸಲ ಅವರ ಪಕ್ಕ ಕೂತಿದ್ದಾಗ ರಾಗ ಯಾವುದೆಂದು ನಾನು ಗಟ್ಟಿಯಾಗಿ ಊಹಿಸತೊಡಗಿದೆ. ಒಂದು ಹೆಸರು, ಅದು ಅಲ್ಲವೆನಿಸಿ ಇನ್ನೊಂದು. ಸತ್ಯಕ್ಕ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು, "ಹೆಸರು ಎಲ್ಲಿಗೂ ಓಡಿ ಹೋಗುವುದಿಲ್ಲ ಮಾಷ್ಟ್ರೆ, ಆಮೇಲೂ ಸಿಗ್ತದೆ. ಹಾಡು ಈಗ ಹೋಗ್ತಾ ಉಂಟು."

ಇಷ್ಟೆಲ್ಲ ಇದ್ದೂ ಅವರಿಗೆ ಒಂದು ಕೊರತೆ ಇತ್ತು. ಇಷ್ಟು ವರ್ಷ ಕಚೇರಿ ಕೇಳಿದವರು ಒಂದೇ ಒಂದು ಮಂಗಳವನ್ನು ಎದುರು ಕೂತು ಕೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಕೊನೆಗೆ ಹಾಡುವ ಆ ಪುಟ್ಟ ಹಾಡಿನ ಹೊತ್ತಿಗೆ ಅವರ ಬಸ್ಸು ಚೆರ್ಕಳ ದಾಟಿರುತ್ತಿತ್ತು. ಕಾರಿನಲ್ಲಿ ಬಿಡುತ್ತೇವೆಂದು ಹೇಳಿದವರಿಲ್ಲವೆಂದಲ್ಲ. ನಮ್ಮ ಅಧ್ಯಕ್ಷರಾದ ಹಾರ್ಡ್‌ವೇರ್ ಅಂಗಡಿಯ ಶಿವಸುಬ್ರಹ್ಮಣ್ಯ ಭಟ್ಟರು ಒಮ್ಮೆ ಒತ್ತಾಯ ಮಾಡಿ ಕರೆದೊಯ್ದರು. ಹೊರಗೆ ರಶ್ ಆಗುತ್ತದೆಂದು ಮಂಗಳಕ್ಕೆ ಮೊದಲೇ ಹೊರಟರು. ಹೊರಟ ಕೂಡಲೇ, ಅಂದು ಕೇಳಿದ ಹಾಡನ್ನೇ ಬೇರೊಬ್ಬರು ಹಾಡಿದ್ದನ್ನು ಸ್ಟೀರಿಯೋದಲ್ಲಿ ಹಾಕಿ, "ನೋಡಿ, ಹಾಡುವುದೆಂದರೆ ಇದು!" ಎಂದರು. ಬೋವಿಕಾನ ಮುಟ್ಟುವಾಗ ಸತ್ಯಕ್ಕನ ಕಿವಿಯಲ್ಲಿದ್ದದ್ದೆಲ್ಲ ಖಾಲಿ. ಅಂದಿನಿಂದ ಬಸ್ಸೇ ವಾಸಿ ಎಂದು ತೀರ್ಮಾನಿಸಿದರು. ಬಸ್ಸಿನಲ್ಲಿ ಯಾರೂ ನಿಮ್ಮ ಹಾಡಿನ ಬಗ್ಗೆ ಮಾತನಾಡುವುದಿಲ್ಲ.

"ಮಂಗಳದಲ್ಲಿ ಎಂತ ಉಂಟು ಸತ್ಯಕ್ಕ?" ಎಂದು ನಾನು ಸಮಾಧಾನ ಹೇಳಿದ್ದುಂಟು. "ಎಲ್ಲರೂ ಹೆಚ್ಚು ಕಡಿಮೆ ಒಂದೇ ರೀತಿ ಹಾಡುವುದು."

"ಅದಕ್ಕೇ ಅಲ್ವಾ ಕೇಳಬೇಕು? ಅಷ್ಟು ಹೊತ್ತು ಹಾಡಿ ಆದ ಮೇಲೆ ಆ ಜನ ಹೇಗಿದ್ದಾರೆ ಅಂತ ಅದರಲ್ಲಿ ಗೊತ್ತಾದೀತು. ನನಗೆ ಒಳ್ಳೊಳ್ಳೆ ರವಿಕೆ ಸಿಕ್ಕಿದೆ ಮಾಷ್ಟ್ರೆ. ಆದರೆ ಒಂದಕ್ಕೂ ಹೆಮ್ಮಿಂಗ್ ಆಗಿಲ್ಲ."

ಸಭೆಗೆ ಇಪ್ಪತ್ತೈದು ವರ್ಷ ತುಂಬಿತು. ಬೆಳ್ಳಿಹಬ್ಬವೆಂದ ಮೇಲೆ ಸನ್ಮಾನ ಇರಲೇಬೇಕು. ನಮ್ಮ ಕಡೆ ಸನ್ಮಾನವಿಲ್ಲದ ಸಂಗೀತ ಕಚೇರಿ ಎಂದರೆ ಒಗ್ಗರಣೆಯಿಲ್ಲದ ಸಾರಿನಂತೆ. ಕೆಲವೊಮ್ಮೆ ಸಾರು ಕಡಿಮೆಯಾಗಿ ಒಗ್ಗರಣೆಯೇ ಹೆಚ್ಚಾಗುವುದೂ ಇದೆ. ಯಾರಿಗೆ ಮಾಡುವುದೆಂದು ಸಮಿತಿ ಕೂತಿತು. ಹುಡುಕಿ ನೋಡಿದರೆ ಊರಿನಲ್ಲಿ ಶಾಲು ಹೊದೆಸಿಕೊಳ್ಳದೆ ಉಳಿದವರು ಇಬ್ಬರೇ: ಒಬ್ಬರು ಸತ್ಯಕ್ಕ, ಇನ್ನೊಬ್ಬ ನಾನು. ನನ್ನ ಹೆಸರನ್ನು ಯಾರಾದರೂ ಎತ್ತಲಿ ಎಂದು ನಾನು ಸ್ವಲ್ಪ ಹೊತ್ತು ಚಾವಣಿ ನೋಡುತ್ತಾ ಕೂತೆ. ಯಾರೂ ಎತ್ತಲಿಲ್ಲ. 'ಹಿರಿಯ ಶ್ರೋತೃ' ಎಂದು ಸತ್ಯಕ್ಕನಿಗೆ ಸನ್ಮಾನ ನಿಶ್ಚಯವಾಯಿತು. ಹೇಳಲು ನಾನೇ ಬೋವಿಕಾನಕ್ಕೆ ಹೋದೆ.

"ನನಗೆ ಯಾಕೆ ಮಾರಾಯ್ರೆ? ನಾನು ಎಂತ ಮಾಡಿದ್ದೇನೆ? ಸುಮ್ಮನೆ ಕೂತದ್ದು," ಎಂದರು, ಮಿಷನ್ ತುಳಿಯುತ್ತಲೇ.

"ಸುಮ್ಮನೆ ಕೂರುವವರು ಈಗ ಸಿಗುವುದಿಲ್ಲ ಸತ್ಯಕ್ಕ. ಅದಕ್ಕೇ."

"ಬೇಡಪ್ಪ. ಶಾಲು ಹೊದೆದರೆ ನನಗೆ ಸೆಖೆ ಆಗ್ತದೆ."

ನಾನು ಕೊನೆಯ ಬಾಣ ಬಿಟ್ಟೆ. "ಸನ್ಮಾನ ಆದವರನ್ನು ಕಾರಿನಲ್ಲಿ ಮನೆಗೆ ಬಿಡುವುದು ನಮ್ಮ ಕ್ರಮ."

ಮಿಷನ್ ನಿಂತಿತು. "ಯಾವಾಗ? ಕಚೇರಿ ಪೂರ್ತಿ ಆದ ಮೇಲೆಯಾ?"

"ಮತ್ತೆ?"

"ಮಂಗಳ ಆದ ಮೇಲೆ?"

"ಮಂಗಳ ಆಗಿ, ನನ್ನ ವಂದನಾರ್ಪಣೆ ಆಗಿ, ಊಟ ಆಗಿ."

"ನಿಮ್ಮದು ಇಲ್ಲದಿದ್ದರೂ ಅಡ್ಡಿಯಿಲ್ಲ," ಎಂದು ನಕ್ಕರು. "ಮಂಗಳ ಒಂದು ಸಿಕ್ಕಿದರೆ ಸಾಕು. ಬರ್ತೇನೆ."

ಬೆಳ್ಳಿಹಬ್ಬದ ಸಂಜೆ ಹಾಲು ತುಂಬಿತ್ತು. ಹಾಡಲು ಬಂದವರು ಪೂಜಾಶ್ರೀ ಎಂಬ ಗಾಯಕಿ. ಮುಖ್ಯ ಅತಿಥಿ ಹರಿನಾಥ ಶೆಟ್ಟರು, ಗಲ್ಫಿನಲ್ಲಿ ವ್ಯಾಪಾರ ಮಾಡಿ ಊರಿಗೆ ಮರಳಿದವರು, ಉದಾರಿ. ಅವರು ಹೆದ್ದಾರಿಯಲ್ಲಿ ಸಿಕ್ಕಿಬಿದ್ದರು. ಅವರಿಗಾಗಿ ದೀಪ ಕಾಯಿತು, ದೀಪಕ್ಕಾಗಿ ಪ್ರಾರ್ಥನೆ ಕಾಯಿತು. ಆಮೇಲೆ ಸ್ವಾಗತ, ಪ್ರಸ್ತಾವನೆ, ಅತಿಥಿಗಳ ಪರಿಚಯ, ಅತಿಥಿಗಳ ಮಾತು, ಅಧ್ಯಕ್ಷರ ಮಾತು. ಕೊನೆಗೆ ನನ್ನ ಅಭಿನಂದನಾ ಭಾಷಣ. ವಿಷಯ: ಮೌನವಾಗಿ ಕೇಳುವುದರ ಮಹತ್ವ. ಮೌನದ ಬಗ್ಗೆ ಹೇಳುವುದು ಇಷ್ಟೊಂದಿದೆ ಎಂದು ನನಗೂ ಅಂದೇ ಗೊತ್ತಾದದ್ದು. ನಡುವೆ ಒಮ್ಮೆ ಹಿಂದಕ್ಕೆ ತಿರುಗಿದಾಗ ಗಿಡ್ಡ ಪರದೆಯ ಕೆಳಗೆ ಗಾಯಕಿಯ ಪಾದಗಳು ಕಂಡವು. ಹೆಬ್ಬೆರಳು ನೆಲಕ್ಕೆ ಬಡಿಯುತ್ತಿತ್ತು. ತಾಳ ಹಾಕುತ್ತಿದ್ದಾರೆ ಎಂದುಕೊಂಡು ನಾನು ಹುರುಪಿನಿಂದ ಮುಂದುವರಿಸಿದೆ.

ಸನ್ಮಾನ ಆದವರು ಮುಂದಿನ ಸಾಲಿನ ಸೋಫಾದಲ್ಲೇ ಕೂರಬೇಕು; ಅದೂ ಕ್ರಮ. ಹಾಗೆ ಸತ್ಯಕ್ಕನಿಗೆ ಕಂಬದ ಪಕ್ಕದ ಕುರ್ಚಿ ತಪ್ಪಿ, ಸ್ಪೀಕರ್ ಪೆಟ್ಟಿಗೆಯ ಎದುರಿನ ಸೋಫಾ ಸಿಕ್ಕಿತು. ಹೆಗಲಲ್ಲಿ ಶಾಲು. ಮಡಿಲಲ್ಲಿ ಹಣ್ಣಿನ ಬುಟ್ಟಿ, ಅದನ್ನು ಸುತ್ತಿದ ಹೊಳೆಯುವ ಪ್ಲಾಸ್ಟಿಕ್ಕು. ಕಲ್ಲುಸಕ್ಕರೆಯನ್ನು ಮನೆಯಲ್ಲೇ ಬಿಡಿಸಿ ತರುವ ಹೆಂಗಸು ಉಸಿರು ಬಿಡಲೂ ಹೆದರಿ ಕೂತಿದ್ದರು; ಉಸಿರಾಡಿದರೆ ಮಡಿಲು ಪರಪರ ಎನ್ನುತ್ತಿತ್ತು.

ಹೇಗೋ ಕಚೇರಿ ಶುರುವಾಯಿತು. ಎರಡು ಹಾಡು ಆಗಿ, ಗಾಯಕಿ ದೊಡ್ಡ ಆಲಾಪನೆಗೆ ಕೈ ಹಾಕಿದ್ದರು. ಅಷ್ಟರಲ್ಲಿ ಹರಿನಾಥ ಶೆಟ್ಟರಿಗೆ ಮುಳಿಯಾರು ಕಡೆ ಒಂದು ಗೃಹಪ್ರವೇಶದ ಊಟಕ್ಕೆ ಹೊತ್ತಾಯಿತು. ಸಭೆಗೆ ಇದ್ದದ್ದು ಒಂದೇ ಕಾರು, ಅಧ್ಯಕ್ಷರದ್ದು; ಶೆಟ್ಟರನ್ನು ಕರೆತಂದದ್ದೂ ಅದರಲ್ಲೇ. ಭಟ್ಟರ ತಲೆಗೆ ಒಂದು ಯೋಚನೆ ಹೊಳೆಯಿತು. ಬಾಗಿ ಸೋಫಾದ ಬಳಿ ಬಂದರು.

"ಸತ್ಯಕ್ಕ, ಬನ್ನಿ, ಕಾರು ಹೊರಟಿತು."

"ಈಗಲೇಯಾ ಭಟ್ರೆ?"

"ಶೆಟ್ರೂ ಆ ಕಡೆಗೇ. ಒಂದೇ ದಾರಿ. ಬೋವಿಕಾನದಲ್ಲಿ ನಿಮ್ಮನ್ನು ಇಳಿಸಿ ಹೋಗ್ತಾರೆ. ನಿಮಗೆ ತಡ ಆಗುವುದು ಬೇಡ."

ಅದನ್ನು ಅವರು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಬೇಡವೆನ್ನಲು ಕಲ್ಲು ಮನಸ್ಸೇ ಬೇಕು. ಶೆಟ್ಟರು ಬದಿಯಲ್ಲಿ ನಿಂತು ನಗುತ್ತಾ ಕಾಯುತ್ತಿದ್ದರು. ಸತ್ಯಕ್ಕ ವೇದಿಕೆ ನೋಡಿದರು, ಆಮೇಲೆ ಮೂಲೆಯಲ್ಲಿದ್ದ ನನ್ನನ್ನು ನೋಡಿದರು. ನಾನು ಏನು ಮಾಡಿದೆ? ಒಳ್ಳೆಯ ವ್ಯವಸ್ಥೆಯಾಯಿತು ಎಂದುಕೊಂಡು, ಹೋಗಿ ಹೋಗಿ ಎಂದು ಕೈಸನ್ನೆ ಮಾಡಿದೆ.

ಅವರು ಎದ್ದರು. ಚಪ್ಪಾಳೆಯ ಮರೆಯಿರಲಿಲ್ಲ, ಆಲಾಪನೆಯ ನಡುವೆ, ಬುಟ್ಟಿಯ ಪ್ಲಾಸ್ಟಿಕ್ಕು ಸದ್ದು ಮಾಡಿ ಇಡೀ ಹಾಲು ತಿರುಗಿ ನೋಡುತ್ತಿರುವಾಗ. ಬಾಗಿಲಲ್ಲಿ ಎಂದಿನಂತೆ ತಿರುಗಿದರು. ಎರಡೂ ಕೈಯಲ್ಲಿ ಬುಟ್ಟಿ ಇದ್ದುದರಿಂದ ಕೈ ಮುಗಿಯಲಾಗಲಿಲ್ಲ. ಹಾಗೇ ಹೋದರು. ಕೊನೆಯ ಬಸ್ಸು ಇನ್ನೂ ಕಾಸರಗೋಡಿನ ಸ್ಟ್ಯಾಂಡಿನಲ್ಲೇ ಇತ್ತು.

ವಾರ ಕಳೆದು ಸನ್ಮಾನದ ಫೋಟೋ ಕೊಡಲು ಅಂಗಡಿಗೆ ಹೋದೆ. ಶಾಲಿನ ಅಂಚು ಬಿಡುತ್ತಿತ್ತಂತೆ. ಅದನ್ನು ಮಡಚಿ ಹೊಲಿದು ಮುಗಿಸಿ ಶೆಲ್ಫಿನಲ್ಲಿ ಇಟ್ಟಿದ್ದರು. ಫೋಟೋ ನೋಡಿ ಚೆಂದ ಬಂದಿದೆ ಎಂದರು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಒಂದು ಕೇಳ್ಲಾ ಮಾಷ್ಟ್ರೆ? ಮತ್ತೆ ಮಂಗಳ ಹಾಡಿದ್ರಾ ಅವರು?"

"ಹಾಡಿದ್ದಾರೆ."

"ಹೇಗಿತ್ತು?"

ಆ ಹೊತ್ತಿಗೆ ನಾನೆಲ್ಲಿದ್ದೆ? ಪಾಯಸಕ್ಕೆ ಬೆಲ್ಲ ಸಾಕೇ ಎಂದು ಅಡುಗೆ ಕೋಣೆಯಲ್ಲಿ ನೋಡುತ್ತಿದ್ದೆ. ಅದರ ಹಿಂದಿನ ಕಚೇರಿಯಲ್ಲಿ? ಮೈಕು ಹಿಡಿದು, ಯಾರ ಯಾರ ಹೆಸರು ಬಿಡಬಾರದು ಎಂದು ಮನಸ್ಸಿನಲ್ಲೇ ಜಪಿಸುತ್ತಾ ನಿಂತಿದ್ದೆ. ಅದಕ್ಕೂ ಹಿಂದೆ? ನೆನಪಾದದ್ದು ಕುರ್ಚಿ ಎಳೆಯುವ ಸದ್ದು, ಪಾತ್ರೆಯ ಮುಚ್ಚಳ, ಚಪ್ಪಲಿ ಹುಡುಕುವವರು. ಇಪ್ಪತ್ತೈದು ವರ್ಷ ಕೊನೆಯವರೆಗೂ ಹಾಲಿನಲ್ಲೇ ಇದ್ದ ಮನುಷ್ಯನಿಗೆ ಒಂದು ಮಂಗಳವೂ ನೆನಪಿಗೆ ಬರಲಿಲ್ಲ.

"ಗೊತ್ತಿಲ್ಲ ಸತ್ಯಕ್ಕ," ಎಂದೆ. "ನಾನು ಕೇಳ್ಲಿಲ್ಲ."

ಅವರು ಕತ್ತರಿ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮಗೂ ಬಸ್ಸು ಇತ್ತಾ?"

ಆ ಮಾತು ನನ್ನೊಡನೆಯೇ ಬಸ್ಸು ಹತ್ತಿ ಮನೆಗೆ ಬಂತು. ಮುಂದಿನ ಸಮಿತಿಯಲ್ಲಿ ನಾನು ಎದ್ದು ನಿಂತು, ಇನ್ನು ಮೇಲೆ ಮೊದಲು ಕಚೇರಿ, ಆಮೇಲೆ ಭಾಷಣ ಎಂದೆ. ಕಚೇರಿ ಹೇಳಿದ ಹೊತ್ತಿಗೆ ಶುರುವಾದರೆ ಬಸ್ಸಿನ ಮೊದಲೇ ಮುಗಿಯುತ್ತದೆ, ಸತ್ಯಕ್ಕನಿಗೂ ಮಂಗಳ ಸಿಗುತ್ತದೆ ಎಂದು ವಿವರಿಸಿದೆ.

ಭಟ್ಟರು ಬೆಚ್ಚಿದರು. "ಎಂತ ಹೇಳ್ತೀರಿ ಮಾಷ್ಟ್ರೆ? ಹಾಗೆ ಮಾಡಿದರೆ ಭಾಷಣ ಕೇಳ್ಲಿಕ್ಕೆ ಯಾರು ಉಳೀತಾರೆ?"

"ಯಾರೂ ಇಲ್ಲ."

"ಮತ್ತೆ?"

"ಅದೇ."

ಅವರು ಕಾರಿನ ಕೀಯನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. "ಆ ದಿನ ನಾನು ಸತ್ಯಕ್ಕನಿಗೆ ಉಪಕಾರ ಮಾಡಿದೆ ಅಂತಲೇ ಗ್ರಹಿಸಿದ್ದು ಮಾರಾಯ್ರೆ," ಎಂದರು. "ಆಗಲಿ. ಒಂದು ಸಲ ನೋಡುವ."

ಮುಂದಿನ ಕಚೇರಿಗೆ ಬಂದವನು ವಿಜೇತ್ ಎಂಬ ಯುವಕ. ಹೇಳಿದ ಹೊತ್ತಿಗೆ ಪರದೆ ಸರಿದದ್ದು ನೋಡಿ ಅವನಿಗೇ ಆಶ್ಚರ್ಯವಾಯಿತು. ಕಚೇರಿ ಅಂಥದ್ದೇನೂ ಆಗಲಿಲ್ಲ. ಒಂದು ಕಡೆ ಮೇಲಿನ ಸ್ವರಕ್ಕೆ ಹೋಗಿ ಗಂಟಲು ಒಡೆಯಿತು, ಆಮೇಲೆ ಹುಡುಗ ಸ್ವಲ್ಪ ಅಳುಕಿದ. ಸತ್ಯಕ್ಕ ಕಂಬದ ಪಕ್ಕ ಇದ್ದರು. ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಅವನು ಮಂಗಳ ಎತ್ತಿಕೊಂಡ.

ಎತ್ತಿಕೊಂಡದ್ದೇ ತಡ, ಅಭ್ಯಾಸಬಲದಿಂದ ಹಾಲು ಎದ್ದಿತು. ಕುರ್ಚಿಗಳು ಕರ್ರೆಂದವು. ಭಟ್ಟರು ಕಿಸೆಯಲ್ಲಿ ಕಾರಿನ ಕೀ ತಡಕಾಡಿದರು. ಒಳಗೆ ಮುಚ್ಚಳ ಬಿತ್ತು. ಸತ್ಯಕ್ಕ ಕೂತಲ್ಲೇ ಆಚೆ ಈಚೆ ನೋಡಿದರು. ಅವರ ಮುಖದಲ್ಲಿದ್ದದ್ದು ಸಿಟ್ಟಲ್ಲ; ಇದು ಹೀಗಾ ಎಂಬ ಬೆರಗು. ಇಷ್ಟು ವರ್ಷ ಅವರು ಬಸ್ಸಿನಲ್ಲಿ ಕೂತು ಹಂಬಲಿಸಿದ್ದು ಇದಕ್ಕೆ.

ನನ್ನ ಕೈಯಲ್ಲಿ ಮೈಕು ಇತ್ತು. ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ ಎನ್ನಲು ಬಾಯಿ ತೆರೆದೂ ಆಗಿತ್ತು. ಆದರೆ ಅದೂ ಒಂದು ಭಾಷಣವೇ ಆಗುತ್ತಿತ್ತು; ನನ್ನನ್ನು ನಾನು ಬಲ್ಲೆ. ಮೈಕಿನ ಸ್ವಿಚ್ಚು ಆರಿಸಿ, ವೇದಿಕೆಯ ಕೆಳಗೆ ನೆಲದ ಮೇಲೆ ಕೂತುಬಿಟ್ಟೆ. ಕಾರ್ಯದರ್ಶಿ ಮೈಕು ಹಿಡಿದೂ ಮಾತಾಡದೆ ನೆಲಕ್ಕೆ ಕುಸಿದನೆಂದರೆ ಏನೋ ಆಗಿರಬೇಕೆಂದು ಮುಂದಿನ ಸಾಲಿನವರು ಗಾಬರಿಯಿಂದ ಕೂತರು. ಅವರು ಕೂತದ್ದು ನೋಡಿ ಹಿಂದಿನವರು ಕೂತರು. ಭಟ್ಟರು ಕೀ ಹಿಡಿದ ಕೈ ಹಾಗೇ ಕಿಸೆಯಲ್ಲಿರುವಂತೆಯೇ ಕೂತರು.

ಆಗ ಕೇಳಿತು. ಹುಡುಗನ ದನಿಯಲ್ಲಿ ಇನ್ನು ಗೆಲ್ಲಬೇಕೆಂಬ ಹಟವಿರಲಿಲ್ಲ. ಒಡೆದ ಗಂಟಲಿನ ಚಿಂತೆಯನ್ನು ಎಲ್ಲೋ ಬಿಟ್ಟು, ದೂರದಿಂದ ನಡೆದು ಬಂದವನು ಜಗಲಿಯಲ್ಲಿ ಕೂತು ಕಾಲು ಚಾಚಿದ ಹಾಗೆ ಹಾಡುತ್ತಿದ್ದ. ಪಿಟೀಲಿನವರು ಅವನ ಮುಖ ನೋಡುತ್ತಾ ಮೆಲ್ಲಗೆ ಹಿಂಬಾಲಿಸುತ್ತಿದ್ದರು. ಅಷ್ಟೇ. ಹೆಚ್ಚು ಹೊತ್ತೂ ಇಲ್ಲ. ಆದರೆ ಆ ಸಂಜೆಯ ಎಲ್ಲ ಹಾಡುಗಳೂ ಆಮೇಲೆ ಸ್ವಲ್ಪ ಬೇರೆಯಾಗಿ ಕಂಡವು. ಗಂಟಲು ಒಡೆದದ್ದೂ ಸೇರಿ.

ಚಪ್ಪಾಳೆ ಬಿತ್ತು. ಅದರ ಮರೆಯಲ್ಲಿ ಸತ್ಯಕ್ಕ ಎದ್ದು ಗೋಡೆಯ ಬದಿಯಿಂದ ಹೋಗಿ, ಬಾಗಿಲಲ್ಲಿ ತಿರುಗಿ ಕೈ ಮುಗಿದರು. ವೇದಿಕೆಯಲ್ಲಿ ಇನ್ನು ಕಣ್ಣು ಮುಚ್ಚಲು ಹಾಡು ಉಳಿದಿರಲಿಲ್ಲ. ವಿಜೇತ್ ಅವರನ್ನು ಕಂಡ. ಕೂತಲ್ಲಿಂದಲೇ ಬಾಗಿ ಕೈ ಮುಗಿದ.

ನಾನು ಮೈಕು ಹಿಡಿದೇ ಬಾಗಿಲಿಗೆ ಓಡಿದೆ. ಹೇಗಿತ್ತು ಎಂಬ ಪ್ರಶ್ನೆ ನಾಲಗೆಯ ತುದಿಗೆ ಬಂದಿತ್ತು. ಕೇಳಿದರೆ ನಾನೂ ಭಟ್ಟರ ಸ್ಟೀರಿಯೋದಂತೆ ಆದೇನು ಎನಿಸಿ ನುಂಗಿಕೊಂಡೆ.

"ಇನ್ನೂ ಹೊತ್ತುಂಟು ಸತ್ಯಕ್ಕ," ಎಂದೆ. "ನನ್ನ ವಂದನಾರ್ಪಣೆಯನ್ನೂ ಒಂದು ಕೇಳಿ ಹೋಗಬಹುದಲ್ಲ?"

ಅವರು ಚಪ್ಪಲಿ ಮೆಟ್ಟುತ್ತಾ ನನ್ನ ಕೈಯ ಮೈಕು ನೋಡಿ ನಕ್ಕರು.

"ಬಸ್ಸು ಉಂಟು ಮಾಷ್ಟ್ರೆ," ಎಂದರು.